ಭಾದಾಣೆಯ ತಾಮ್ರಶಾಸನ: ಕೊಂಕಣದ ಒಂದು ಹಳ್ಳಿ ಮತ್ತು ಅದರ ದೇವರು

ಸಣ್ಣ ಹಳ್ಳಿಯೊಂದರ ಚರಿತ್ರೆಯನ್ನು ಬರೆಯಹೊರಟವರಿಗೆ ಆಕರಗಳ ಅಭಾವವೇ ಮೊದಲ ತೊಡಕು. ಇಂಗ್ಲೆಂಡಿನಲ್ಲಿ ಈ ತೊಡಕು ಅಷ್ಟಾಗಿಲ್ಲ. ಪ್ರತಿಯೊಂದು ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಒಳಪಟ್ಟ ಗ್ರಾಮಪರಿಸರ, ತನ್ನ ಜನರ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಅಲ್ಲಿ 1538ರಲ್ಲಿಯೇ ಆಜ್ಞೆಯಾಗಿತ್ತು. ನಮ್ಮಲ್ಲಿ ಅಂಥ ದಫ್ತರಗಳಿಲ್ಲ. ಆದರೆ ಊರನ್ನೂ ದೇವಾಲಯವನ್ನೂ ಒಟ್ಟಿಗೆ ಬೆಸೆಯುವ ಬೇರೊಂದು ಆಕರವಿದೆ, ಅದೇ ದಾನಶಾಸನ. ಕಲ್ಯಾಣದ ಉತ್ತರಕ್ಕೆ, ಠಾಣೆ ಜಿಲ್ಲೆಯ ಭಿವಂಡಿ ತಾಲೂಕಿನಲ್ಲಿರುವ ಭಾದಾಣೆ ಎಂಬ ಹಳ್ಳಿಯ ತಾಮ್ರಶಾಸನವನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳಲಾಗಿದೆ.

ಈ ಶಾಸನದ ಕಾಲ ಶಕ 919, ಅಂದರೆ ಕ್ರಿ.ಶ. 997. ಉತ್ತರ ಕೊಂಕಣದ ಶಿಲಾಹಾರ ದೊರೆ ಅಪರಾಜಿತನು ಭಾದಾಣೆಯನ್ನು ಲವಣತಟದ ಲೋಣಾದಿತ್ಯ ದೇವರಿಗೆ ದತ್ತಿಯಾಗಿ ಬಿಟ್ಟುದನ್ನು ಇದು ತಿಳಿಸುತ್ತದೆ. ಅದೇ ತಾಲೂಕಿನ ಲೋಣಾಡವೇ ಲವಣತಟವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ಇಂದಿಗೂ ಪ್ರಾಚೀನ ಗುಹೆಯೊಂದಿದೆ. ಶಿಥಿಲವಾದ ಶಿಲಾದೇವಾಲಯವೂ ಇದೆ. ಒಂದು ಊರಿನ ಉತ್ಪನ್ನದಿಂದ ಇನ್ನೊಂದು ಊರಿನ ದೇವರ ಪೂಜೆ ನಡೆಯುವ ಈ ವ್ಯವಸ್ಥೆಯು, ಬೆಳೆಯ ದಶಮಾಂಶದಿಂದ ಚರ್ಚು ನಡೆಯುತ್ತಿದ್ದ ಇಂಗ್ಲೆಂಡಿನ ಹಳೆಯ ಪದ್ಧತಿಯನ್ನು ನೆನಪಿಸದಿರದು.

ಕನ್ನಡಿಗರ ದೃಷ್ಟಿಯಿಂದ ಶಾಸನದ ಪೀಠಿಕೆಯು ಇನ್ನೂ ಮಹತ್ವದ್ದು. ದಾನ ಕೊಟ್ಟವನು ಶಿಲಾಹಾರನಾದರೂ ಶಾಸನವು ರಾಷ್ಟ್ರಕೂಟರ ವಂಶಾವಳಿಯನ್ನು ವಿಸ್ತಾರವಾಗಿ ಹೇಳುತ್ತದೆ. ತೈಲಪನಿಂದ ಕಕ್ಕಲನು ಸೋತು ಆ ವಂಶದ ಪ್ರಭುತ್ವವು ಬರಿಯ ನೆನಪಾಗಿ ಉಳಿದುದನ್ನು ವಿಷಾದದಿಂದ ಸೂಚಿಸುತ್ತದೆ. ರಾಷ್ಟ್ರಕೂಟರ ಪತನ 973ರಲ್ಲಿ ಆದದ್ದು. ಇಪ್ಪತ್ತನಾಲ್ಕು ವರ್ಷಗಳ ತರುವಾಯವೂ ಅವರ ಮಾಂಡಲಿಕರ ಮನೆತನವು ಹಳೆಯ ಒಡೆಯರನ್ನು ಮರೆತಿರಲಿಲ್ಲ. ಈ ಸಂಬಂಧ ಹಳೆಯದು: ಕಾನ್ಹೇರಿಯ 843ರ ಶಾಸನದಲ್ಲಿ ಶಿಲಾಹಾರ ಪುಲ್ಲಶಕ್ತಿಯು ಅಮೋಘವರ್ಷನ ಅಧೀನನಾಗಿ ಕಾಣಿಸಿಕೊಳ್ಳುತ್ತಾನೆ. 'ಕವಿರಾಜಮಾರ್ಗ'ದೊಡನೆ ಹೆಸರು ಬೆಸೆದಿರುವ ನೃಪತುಂಗನೇ ಈ ಅಮೋಘವರ್ಷ.

ಈ ಸಂಪರ್ಕವು ಅಪರಾಜಿತನಿಗೇ ಮುಗಿಯಲಿಲ್ಲ. ಠಾಣೆಯ ಸಮೀಪದ ಭಾಂಡುಪಿನಲ್ಲಿ ದೊರೆತ, ಚಿತ್ತರಾಜನ ಕಾಲದ ಶಕ 948ರ (ಕ್ರಿ.ಶ. 1026) ತಾಮ್ರಪಟಗಳಲ್ಲಿ ನಾಗಣೈಯ, ಸೀಹಪೈಯ ಎಂಬ ಅಧಿಕಾರಿಗಳ ಹೆಸರುಗಳಿವೆ, ಜೊತೆಗೆ ಕರ್ಣಾಟ ಸಂಧಿವಿಗ್ರಹಿಯಾದ ಕಪರ್ದಿಯ ಉಲ್ಲೇಖವೂ ಇದೆ. ಕರ್ಣಾಟಕದೊಡನೆ ವ್ಯವಹರಿಸಲು ಪ್ರತ್ಯೇಕ ಸಚಿವನಿದ್ದನೆಂಬುದು ಗಮನಾರ್ಹ. ಆದರೆ ಇಲ್ಲಿ ಎಚ್ಚರಿಕೆಯೂ ಅಗತ್ಯ. ಭಾದಾಣೆಯ ಶಾಸನದ ಭಾಷೆ ಸಂಸ್ಕೃತ, ಲಿಪಿ ನಾಗರಿ. 'ಅಯ್ಯ' ಎಂಬ ಅಂತ್ಯವುಳ್ಳ ಹೆಸರುಗಳು ಆಸ್ಥಾನದ ಸಂಪರ್ಕವನ್ನು ತೋರಿಸಬಲ್ಲವೇ ಹೊರತು ಊರಿನ ಜನರ ಮಾತು ಕನ್ನಡವಾಗಿತ್ತೆಂದು ಸಾಧಿಸಲಾರವು. ಶಾಸನವನ್ನು ನೆಲದ ಮೇಲಿನ ಹಕ್ಕುಪತ್ರವೆಂಬಂತೆ ಓದುವುದು ಚರಿತ್ರೆಗೆ ಬಗೆಯುವ ಅಪಚಾರವಾದೀತು.

ದಾನಶಾಸನಗಳ ಮಿತಿಯನ್ನೂ ಮರೆಯಬಾರದು. ಕೊಟ್ಟವರು, ಪಡೆದವರು, ಬರೆಯಿಸಿದ ಅಧಿಕಾರಿಗಳು, ಇವರ ಹೆಸರುಗಳು ಅವುಗಳಲ್ಲಿ ಉಳಿಯುತ್ತವೆ. ನೆಲವನ್ನು ಉತ್ತವರ ಹೆಸರುಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ಪ್ಯಾರಿಷ್ ದಫ್ತರದಲ್ಲಿ ಬಡ ಕೂಲಿಯ ಮಗುವಿಗೂ ಒಂದು ಸಾಲು ದೊರೆಯಿತು. ಭಾದಾಣೆಯ ರೈತನಿಗೆ ತಾಮ್ರಪಟದಲ್ಲಿ ಆ ಸಾಲು ದೊರೆಯಲಿಲ್ಲ. ಅವನು ಉಳಿಸಿದ್ದು ಊರಿನ ಹೆಸರನ್ನು ಮಾತ್ರ. ಸಾವಿರ ವರ್ಷಗಳಲ್ಲಿ ಶಿಲಾಹಾರರು, ಯಾದವರು, ಸುಲ್ತಾನರು, ಮರಾಠರು, ಇಂಗ್ಲಿಷರು ಬಂದು ಹೋದರೂ ಆ ಹೆಸರು ಜನರ ನಾಲಗೆಯ ಮೇಲೆ ಬಾಳಿತು. ಅದರಿಂದಲೇ ಶಾಸನದ ಊರನ್ನು ಗುರುತಿಸುವುದು ಸಾಧ್ಯವಾಯಿತು.

ಭಿವಂಡಿಯ ಸುತ್ತಲಿನ ಗದ್ದೆಗಳಲ್ಲಿ ಇಂದು ಉಗ್ರಾಣಗಳು ಎದ್ದಿವೆ. ಕಲ್ಯಾಣ, ಡೊಂಬಿವಲಿಗಳ ನಗರವು ಸುತ್ತಲೂ ಹಬ್ಬುತ್ತಿದೆ. ಹೊಲ, ಕೆರೆ, ಗಡಿಗಲ್ಲುಗಳ ಹೆಸರುಗಳು ಬಳಕೆ ತಪ್ಪಿದರೆ ಶಾಸನಗಳ ಸ್ಥಳಗಳನ್ನು ಗುರುತಿಸುವ ದಾರಿಯೂ ಮುಚ್ಚಿಹೋಗುತ್ತದೆ. ಈ ಊರುಗಳಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ನೆರೆಯ ಮರಾಠಿ ಹಿರಿಯರಿಂದ ಆ ಹೆಸರುಗಳನ್ನು ಕೇಳಿ ಬರೆದಿಟ್ಟರೆ ಎರಡೂ ನಾಡುಗಳ ಚರಿತ್ರೆಗೆ ಉಪಕಾರವಾದೀತು.