ಒಲೆಯ ಮುಂದಿನ ಬಿಸಿಲು

“ಏನ್ರೀ ಅಕ್ಕಾರ, ಅಡಿಗಿ ಆತೇನು?”

ನಮ್ಮ ಓಣಿಯಲ್ಲಿ ಬೆಳಗಾದರೆ ಗೋಡೆಯಾಚೆಯಿಂದ ಬರುವ ಮೊದಲ ಮಾತು ಇದೇ. ವರ್ಷದ ಹತ್ತು ತಿಂಗಳು ಇದು ಬರೀ ಉಪಚಾರದ ಮಾತು, ಯಾರೂ ಉತ್ತರಕ್ಕೆ ಕಾಯುವುದಿಲ್ಲ. ಆದರೆ ಯುಗಾದಿ ಕಳೆದು ವೈಶಾಖ ಹತ್ತಿರ ಬಂತೆನ್ನಿ, ಅದೇ ಮಾತಿಗೆ ಬೇರೆಯ ಅರ್ಥವೇ ಬಂದುಬಿಡುತ್ತದೆ. ಬಿಸಿಲು ಏರುವ ಮುಂಚೆ ಒಲೆ ಆರಿಸಿದೆಯಾ, ಇಲ್ಲಾ ಇನ್ನೂ ಬೇಯುತ್ತಿದ್ದೀಯಾ ಅಂತ. ಬೇಯುವುದು ಅನ್ನವಲ್ಲ, ನಾವು!

ನಮ್ಮದು ರಾಯಚೂರು ಜಿಲ್ಲೆ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ಕಲ್ಲುಬಂಡೆಯ ಗುಡ್ಡಗಳು, ಕಪ್ಪು ನೆಲ. ಹಗಲೆಲ್ಲ ಕುಡಿದ ಕಾವನ್ನು ಆ ಬಂಡೆಗಳು ರಾತ್ರಿ ನಮ್ಮ ಮೇಲೆ ಉಗುಳುತ್ತವೆ. ‘ನಮ್ಮಲ್ಲಿ ಎರಡೇ ಕಾಲ, ಒಂದು ಬ್ಯಾಸಿಗಿ, ಇನ್ನೊಂದು ಕಡು ಬ್ಯಾಸಿಗಿ’ ಅಂತ ನಾವೇ ನಗೆಯಾಡುತ್ತೇವೆ. ಆದರೆ 2024ರ ಬೇಸಿಗೆಯಲ್ಲಿ ನಗೆ ಬರಲಿಲ್ಲ. ಹಿಂದಿನ ವರ್ಷದ ಮುಂಗಾರು ಕೈಕೊಟ್ಟಿತ್ತು, ತುಂಗಭದ್ರಾ ಜಲಾಶಯ ತುಂಬಿರಲಿಲ್ಲ. ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತ್ತು. ಏಪ್ರಿಲ್ ಕೊನೆಯ ಹೊತ್ತಿಗೆ ಉಷ್ಣಾಂಶ 44-45 ಡಿಗ್ರಿಯ ಆಸುಪಾಸಿನಲ್ಲಿ ನಿಂತುಬಿಟ್ಟಿತು. ನಮ್ಮ ಓಣಿಗೆ ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಹಬ್ಬ.

ಆ ಮೇ ತಿಂಗಳ ಒಂದು ಭಾನುವಾರ ನಮ್ಮವರ ಕಡೆಯ ನಾಲ್ಕು ಜನ ಮದುವೆ ಕರೆಯಲು ಬಂದರು. ಮಧ್ಯಾಹ್ನ ಹನ್ನೆರಡೂವರೆ. ಬಂದವರಿಗೆ ಬಿಸಿ ರೊಟ್ಟಿ ಹಾಕದೆ ಕಳಿಸಲು ಆಗುತ್ತದೆಯೆ? ನಮ್ಮ ಅಡಿಗೆಮನೆಗೆ ತಗಡಿನ ಮಾಳಿಗೆ. ಬಿಸಿ ಗಾಳಿ ಹೊಡೆಯುತ್ತದೆಂದು ಕಿಟಕಿ ಮುಚ್ಚಿದ್ದೆ. ಫ್ಯಾನ್ ಹಾಕಿದರೆ ಗ್ಯಾಸಿನ ಉರಿ ಅಲ್ಲಾಡಿ ಹಂಚು ಕಾಯುವುದಿಲ್ಲವೆಂದು ಅದನ್ನೂ ಆರಿಸಿದ್ದೆ. (ಇದನ್ನು ಓದುತ್ತಿರುವ ಎಷ್ಟು ಮಂದಿ ‘ಹೌದಲ್ಲಾ, ನಾನೂ ಹಾಗೇ ಮಾಡ್ತೀನಿ’ ಅಂದಿರೋ ನನಗೆ ಗೊತ್ತು!) ಬಂದವರಿಗೆಲ್ಲ ತಂಬಿಗೆ ತುಂಬ ಮಜ್ಜಿಗೆ ಕೊಟ್ಟೆ. ಹದಿನೈದನೆಯದೋ ಹದಿನಾರನೆಯದೋ ರೊಟ್ಟಿ ಬಡಿಯುತ್ತಿದ್ದಾಗ ತಲೆ ಸಿಡಿಯತೊಡಗಿತು, ಕಾಲಿನ ಮೀನಖಂಡ ಸೆಟೆದುಕೊಂಡಿತು, ವಾಕರಿಕೆ ಬಂತು. ‘ಇನ್ನೆರಡು ರೊಟ್ಟಿ, ಆಮೇಲೆ ಕೂತುಕೊಂಡರಾಯಿತು’ ಅಂದುಕೊಂಡದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

ಕಣ್ಣು ಬಿಟ್ಟಾಗ ಪಡಸಾಲೆಯ ನೆಲದ ಮೇಲಿದ್ದೆ. ಅತ್ತೆಯವರು ನನ್ನ ಕೊರಳು, ಕಂಕುಳು, ಅಂಗಾಲುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ನನ್ನ ಓರಗಿತ್ತಿ ರಟ್ಟಿನಿಂದ ಗಾಳಿ ಹಾಕುತ್ತಿದ್ದಳು. ಎಚ್ಚರವಾಗಿ ನಾನು ಮಾತಾಡಿದ ಮೇಲೆಯೇ ಅತ್ತೆ ಗುಟುಕು ಗುಟುಕಾಗಿ ಉಪ್ಪು-ಸಕ್ಕರೆ ನೀರು ಕುಡಿಸಿದರು. “ಎಲ್ಲಾರ್ಗೂ ಮಜ್ಜಿಗಿ ಕೊಟ್ಟಿ, ನೀ ಕುಡಿದೇನು?” ಅಂತ ಕೇಳಿದರು. ಬೆಳಿಗ್ಗೆ ಏಳು ಗಂಟೆಯ ಚಹಾದ ಮೇಲೆ ನನ್ನ ಗಂಟಲಿಗೆ ಏನೂ ಇಳಿದಿರಲಿಲ್ಲ.

ಸಂಜೆ ಡಾಕ್ಟರರ ಬಳಿ ಹೋದಾಗ ಅವರು ತಿಳಿಸಿ ಹೇಳಿದರು. ಬಿಸಿಲಿನ ತಾಪ ಹತ್ತಲು ಬಿಸಿಲಲ್ಲೇ ನಿಲ್ಲಬೇಕಾಗಿಲ್ಲವಂತೆ. ಬೆವರು ಆರಿದಾಗ ಮೈ ತಣ್ಣಗಾಗುತ್ತದೆ. ಗಾಳಿಯಾಡದ ಕೋಣೆ, ಎದುರಿಗೆ ಬೆಂಕಿ, ಹೊಟ್ಟೆಯಲ್ಲಿ ನೀರಿಲ್ಲ ಎಂದರೆ ಆ ಏರ್ಪಾಡೇ ಕೆಟ್ಟುಹೋಗುತ್ತದೆ. ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಮೊದಲ ಎಚ್ಚರಿಕೆ. ಆಗಲೇ ತಂಪಿನಲ್ಲಿ ಮಲಗಿಸಿ ನೀರು ಕುಡಿಸಬೇಕು. ಮೈಯ ಕಾವು 40 ಡಿಗ್ರಿ ದಾಟಿ ಮಾತು ತೊದಲಿದರೆ, ಅಸಂಬದ್ಧ ಮಾತಾಡಿದರೆ ಅದು ಪ್ರಾಣಕ್ಕೇ ಸಂಚಕಾರ. ಮೈಗೆಲ್ಲ ತಣ್ಣೀರು ಸುರಿಯುತ್ತ, ಗಾಳಿ ಹಾಕುತ್ತ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಇನ್ನೊಂದು ಮಾತು ನನಗೆ ಹೊಸದು. ಗಾಳಿಯೇ 40 ಡಿಗ್ರಿ ಮೀರಿ ಕಾದಿರುವಾಗ ಒಣ ಮೈಗೆ ಫ್ಯಾನ್ ಹಾಕಿಕೊಂಡರೆ ತಂಪಲ್ಲ, ಕಾವೇ ಬರುವುದು. ಮೈ ಒದ್ದೆ ಮಾಡಿಕೊಂಡು ಕೂತರೆ ಉಪಯೋಗವುಂಟು.

“ಹೊಲದಾಗ ದುಡಿಯೋರಿಗೆ ಎಲ್ಲರೂ ಜ್ವಾಕಿ ಅಂತಾರ, ಅಡಿಗಿ ಮಾಡೋರಿಗೆ ಯಾರೂ ಹೇಳೂದಿಲ್ಲ” ಅಂತ ಆ ರಾತ್ರಿ ನಾನು ಗೊಣಗಿದೆ. ಅದಕ್ಕೆ ಅತ್ತೆ, “ನಮಗ ಹೇಳೋ ಜರೂರೇ ಇರಲಿಲ್ಲ ಬಿಡವಾ. ಹೊತ್ತು ಏರೂದ್ರಾಗ ಒಲಿ ಆರತಿತ್ತು” ಅಂದರು.

1972ರ ಬರದಲ್ಲಿ ಅತ್ತೆ ಹದಿನೈದರ ಹುಡುಗಿ. ಅವರ ಅವ್ವ ನಸುಕಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚುತ್ತಿದ್ದರಂತೆ. ಜೋಳವಿದ್ದ ದಿನ ನಾಲ್ಕು ದಿನದ ರೊಟ್ಟಿ ಒಮ್ಮೆಗೇ ಬಡಿದು, ಕಡಕ್ ಮಾಡಿ ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚುವುದು. ಜೋಳ ಕಡಿಮೆಯಿದ್ದ ದಿನ ಅಂಬಲಿ. ಸೂರ್ಯ ಮೇಲೆ ಬರುವಷ್ಟರಲ್ಲಿ ಒಲೆಯೊಳಗಿನ ಬೂದಿ ಕೂಡ ತಣ್ಣಗಾಗಿರುತ್ತಿತ್ತು. ಅದು ಸೌದೆಯ ಉಳಿತಾಯಕ್ಕೋ, ಕೂಲಿಗೆ ಹೋಗುವ ಅವಸರಕ್ಕೋ, ಅಂತೂ ಮಟಮಟ ಮಧ್ಯಾಹ್ನ ಯಾರೂ ಒಲೆಯ ಮುಂದೆ ಕೂರುತ್ತಿರಲಿಲ್ಲ. ಆ ಕಾಲ ಚೆನ್ನಾಗಿತ್ತು ಅಂತ ನಾನೇನೂ ಹೇಳುತ್ತಿಲ್ಲ. ಹೊಟ್ಟೆ ತುಂಬ ಉಣ್ಣದ ಕಾಲ ಅದು, ಅತ್ತೆಯವರೇ ಅದನ್ನು ನೆನೆಸಿಕೊಳ್ಳಲು ಇಷ್ಟಪಡುವುದಿಲ್ಲ. ಆದರೆ ಗಡಿಯಾರದ ಆ ಒಂದು ಲೆಕ್ಕವನ್ನು ಗ್ಯಾಸು ಬಂದ ಮೇಲೆ ನಾವು ಮರೆತೆವು. ಕಿವಿ ತಿರುವಿದರೆ ಉರಿ ಬರುತ್ತದೆ, ಹಾಗಾಗಿ ಒಂದು ಗಂಟೆಗೂ ‘ಬಿಸಿಬಿಸಿ’ ಬೇಕು!

ಮರುದಿನದಿಂದಲೇ ನಮ್ಮ ಮನೆಯಲ್ಲಿ ಹೊಸ ಕಾಯಿದೆ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಒಲೆ ಬಂದ್, ಸಂಜೆ ಆರರ ತನಕ ಹಚ್ಚುವಂತಿಲ್ಲ.

ಬೆಳಗಿನ ಅಡಿಗೆ ಮಧ್ಯಾಹ್ನಕ್ಕೆ ಹಳಸುವುದಿಲ್ಲವೆ ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ತೆಂಗಿನಕಾಯಿ ರುಬ್ಬಿದ ಸಾರು, ಬೇಯಿಸಿದ ಬೇಳೆ ಈ ಕಾವಿಗೆ ಮಧ್ಯಾಹ್ನದೊಳಗೇ ನೊರೆ ಕಟ್ಟುತ್ತವೆ. ಅನ್ನವನ್ನೂ ಹಾಗೇ ಗಂಟೆಗಟ್ಟಲೆ ಮುಚ್ಚಿಡುವುದು ಒಳ್ಳೆಯದಲ್ಲ. ಅದಕ್ಕೇ ನಮ್ಮ ಕಡೆಯ ಹಳೆಯ ಬೇಸಿಗೆ ಊಟವನ್ನು ಗಮನಿಸಿ: ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಮೊಸರು, ಮಾವಿನಕಾಯಿ ತೊಕ್ಕು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ. ಒಂದೋ ಒಣಗಿದ್ದು, ಇಲ್ಲಾ ಹುಳಿಯದ್ದು, ಇಲ್ಲಾ ಹಸಿಯದ್ದು. ಕೆಡುವ ಪದಾರ್ಥ ಅದರಲ್ಲಿ ಒಂದೂ ಇಲ್ಲ! ಜೊತೆಗೆ ಹೆಸರುಬೇಳೆ ನೆನೆಸಿ ಕೋಸಂಬರಿ ಮಾಡಿದರೆ ಮಕ್ಕಳೂ ತಿನ್ನುತ್ತಾರೆ. ಉಪ್ಪನ್ನು ಮಾತ್ರ ಬಡಿಸುವಾಗ ಹಾಕಿ, ಮೊದಲೇ ಹಾಕಿದರೆ ನೀರು ಬಿಟ್ಟು ಪಿಚಪಿಚ ಆಗುತ್ತದೆ.

ಇನ್ನು ಜೋಳದ ಅಂಬಲಿ. ರಾತ್ರಿ ಒಂದು ಬಟ್ಟಲು ಜೋಳದ ಹಿಟ್ಟಿಗೆ ಅರ್ಧ ಬಟ್ಟಲು ಮಜ್ಜಿಗೆ, ಒಂದು ಬಟ್ಟಲು ನೀರು ಹಾಕಿ ಗಂಟಿಲ್ಲದಂತೆ ಕದಡಿ ಮುಚ್ಚಿಡಿ. ಬೆಳಿಗ್ಗೆ ಅದು ನವಿರಾಗಿ ಹುಳಿ ಬಂದಿರುತ್ತದೆ. ನಾಲ್ಕು ಬಟ್ಟಲು ನೀರು ಕುದಿಸಿ, ಉಪ್ಪು ಹಾಕಿ, ಆ ಹಿಟ್ಟನ್ನು ಸುರಿದು ತಿರುವುತ್ತಾ ಹತ್ತು ನಿಮಿಷ ಬೇಯಿಸಿ. ತಣ್ಣಗಾದ ಮೇಲೆ ಗಡಿಗೆಗೆ ಹಾಕಿಡಿ. ಉಣ್ಣುವಾಗ ಕಡೆದ ಮಜ್ಜಿಗೆ, ಕುಟ್ಟಿದ ಜೀರಿಗೆ, ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ ಸೇರಿಸಿ. ಹಿಟ್ಟು ಹಳೆಯದಾದರೆ ಕಹಿ ಬರುತ್ತದೆ, ಹೊಸದಾಗಿ ಬೀಸಿದ್ದೇ ಆಗಬೇಕು.

ನನ್ನ ಓರಗಿತ್ತಿ ಸಾಗರದ ಕಡೆಯ ಹುಡುಗಿ. ಆಕೆ ಬಂದ ಮೊದಲ ಬೇಸಿಗೆಯಲ್ಲಿ ಅಳುವುದೊಂದೇ ಬಾಕಿ. ಈಗ ಆಕೆಯ ತಂಬುಳಿ ನಮ್ಮ ಮನೆಯ ಪದ್ಧತಿಯಾಗಿದೆ. ಒಂದೆಲಗ ನಮ್ಮಲ್ಲಿ ಸಿಗುವುದಿಲ್ಲ, ಆದ್ದರಿಂದ ಮೆಂತ್ಯದ್ದು. ಒಂದು ಚಮಚ ಮೆಂತ್ಯ, ಅರ್ಧ ಚಮಚ ಜೀರಿಗೆ ಕೆಂಪಗೆ ಹುರಿದು, ಎರಡು ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಕಾಯಿ ಇರುವುದರಿಂದ ಉಣ್ಣುವ ಹೊತ್ತಿಗೇ ಬೆರೆಸಬೇಕು.

ಬೇಸಿಗೆಯಲ್ಲಿ ಹೆಪ್ಪಿಗೆ ನಾಲ್ಕೇ ಹನಿ ಸಾಕು. ಕಾವಿಗೆ ಹೆಪ್ಪಿನೊಳಗಿನ ಜೀವಾಣುಗಳು ಬೇಗ ಬೆಳೆಯುತ್ತವೆ. ಮಳೆಗಾಲದ ಅಳತೆಯಲ್ಲಿ ಹಾಕಿದರೆ ಬೆಳಿಗ್ಗೆ ಹಲ್ಲು ಚಳಿಯುವ ಹುಳಿ.

ನೀರಿಗೆ ಫ್ರಿಜ್ಜಿಗಿಂತ ಹರವಿಯೇ ಲೇಸು, ಕರೆಂಟು ಹೋದರೂ ಅದು ಕೆಲಸ ಮಾಡುತ್ತದೆ. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಕಾವನ್ನೂ ಎಳೆದುಕೊಂಡು ಹೋಗುತ್ತದೆ. ನಮ್ಮ ಒಣ ಗಾಳಿಗೆ ಇದು ಹೇಳಿ ಮಾಡಿಸಿದ್ದು. ಮಂಗಳೂರಿನಂಥ ಜಿಡ್ಡು ಹವೆಯಲ್ಲಿ ಅಷ್ಟು ತಂಪಾಗುವುದಿಲ್ಲ. ನೀರಿನ ಉಪ್ಪು ಕಟ್ಟಿ ರಂಧ್ರಗಳು ಮುಚ್ಚಿದರೆ ಹರವಿ ಬೆವರುವುದು ನಿಲ್ಲುತ್ತದೆ. ವರ್ಷಕ್ಕೊಂದು ಹೊಸದು ತರುವುದು ಅದಕ್ಕೇ.

ಆದರೆ ಹರವಿ ತುಂಬ ತಣ್ಣೀರಿದ್ದರೂ ನಾವು ಕುಡಿಯುವುದಿಲ್ಲವಲ್ಲ! ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬರೆದೇಬಿಡುತ್ತೇನೆ. ನೀರಿನ ಬರ ಬಂದಾಗ ಹೆಂಗಸರು ಬೇಕೆಂದೇ ಕಡಿಮೆ ಕುಡಿಯುತ್ತೇವೆ. ಕುಡಿದರೆ ಬಚ್ಚಲಿಗೆ ಹೋಗಬೇಕು, ಹೋದರೆ ಅರ್ಧ ಬಕೆಟ್ ನೀರು ಬೇಕು. ಮದುವೆ, ಜಾತ್ರೆ, ಬಸ್ಸಿನ ಪ್ರಯಾಣ ಎಂದರಂತೂ ಹಿಂದಿನ ರಾತ್ರಿಯಿಂದಲೇ ಬಾಯಿ ಕಟ್ಟುವುದು. ಉರಿಮೂತ್ರ, ಕಿಡ್ನಿಯ ಹರಳು ಬೇಸಿಗೆಯಲ್ಲಿ ಹೆಚ್ಚುವುದಕ್ಕೆ ಇದೂ ಒಂದು ಕಾರಣ. ಅಕ್ಕಿ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿ, ಮುತ್ತಲ ಎಲೆಯಲ್ಲಿ ಉಂಡು ತಟ್ಟೆ ತೊಳೆಯುವ ನೀರು ಉಳಿಸಿ. ಹೊಟ್ಟೆಯ ನೀರಿನಲ್ಲಿ ಉಳಿತಾಯ ಬೇಡ.

ಅತ್ತೆ ಕುಡಿಸಿದ ಉಪ್ಪು-ಸಕ್ಕರೆ ನೀರಿಗೂ ಲೆಕ್ಕವಿದೆ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹಾ ಚಮಚದಲ್ಲಿ ಸಮತಟ್ಟಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಹೆಚ್ಚು ಉಪ್ಪು ಹಾಕಿದರೆ ಅಪಾಯ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಇಂಥದೇ ಉಪ್ಪು-ಸಕ್ಕರೆಯ ದ್ರಾವಣ ಕುಡಿಸಿ ಸಾವಿರಾರು ಜೀವ ಉಳಿಸಿದರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಡಾಕ್ಟರರನ್ನು ಕೇಳಿಯೇ ಕುಡಿಯಬೇಕು.

ಹೀಗೆಲ್ಲ ಬಿಸಿಲನ್ನು ಬೈಯುತ್ತೇವೆ, ಅದೇ ಬಿಸಿಲಿಗೆ ಸಂಡಿಗೆ ಇಡುತ್ತೇವೆ! ಆ ವರ್ಷ ಭರಣಿ ಮಳೆಗಾಗಿ ಎಲ್ಲರೂ ಮುಗಿಲು ನೋಡುತ್ತಿದ್ದೆವು. ಬಂದದ್ದು ನಾನು ಮೂರು ಸೇರು ಅಕ್ಕಿಯ ಸಂಡಿಗೆ ಮಾಳಿಗೆಯ ಮೇಲೆ ಹರಡಿದ ಸಂಜೆಯೇ. ಮೊದಲು ಕೆಂಪು ಧೂಳಿನ ಗಾಳಿ, ಹಿಂದೆಯೇ ಆಣೆಕಲ್ಲು. ಪಕ್ಕದ ಮನೆಯ ಮಾವಿನ ಮರ ಬುಡಸಮೇತ ಬಿತ್ತು, ಗೇಣುದ್ದದ ಕಾಯಿಗಳೆಲ್ಲ ಓಣಿಯ ಪಾಲು. ಸಂಡಿಗೆ ಗಂಜಿಯಾಯಿತು. ಆದರೂ ಅತ್ತೆ ಅಂಗಳದಲ್ಲಿ ನಿಂತು ನೆನೆದರು. ಬೈಯಲು ನನಗೆ ಮನಸ್ಸು ಬರಲಿಲ್ಲ, ನಾನೂ ಹೋಗಿ ನಿಂತೆ. ಅದೇ ವರ್ಷ ಜಲಾಶಯ ತುಂಬಿತು. ತುಂಬಿದ್ದಕ್ಕೆ ಸಂತೋಷ ಪಡುವಷ್ಟರಲ್ಲಿ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋಗಿ ನೀರು ನದಿಪಾಲಾಗತೊಡಗಿತು. ಇಲ್ಲದಾಗಲೂ ಕಷ್ಟ, ಬಂದಾಗಲೂ ಕಷ್ಟ.

ಒಂಬತ್ತಕ್ಕೆ ಒಲೆ ಬಂದ್ ಅಂದಾಗ ನಮ್ಮವರು “ಇದೇನ್ ಆಸ್ಪತ್ರಿ ಊಟ ಹಚ್ಚಿದಿ” ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನ ರಜೆ. ಹನ್ನೆರಡು ಗಂಟೆಗೆ ಅವರನ್ನು ಐದು ನಿಮಿಷ ಅಡಿಗೆಮನೆಯಲ್ಲಿ ಕೂರಿಸಿ, ಫ್ಯಾನ್ ಆರಿಸಿ, ಬರೀ ಹಂಚು ಕಾಯಲಿಟ್ಟೆ. ಮೂರೇ ನಿಮಿಷಕ್ಕೆ ಎದ್ದು ಹೊರಗೆ ಹೋದರು, ಮತ್ತೆ ಆ ಮಾತು ಎತ್ತಲಿಲ್ಲ. ಬಿಸಿ ರೊಟ್ಟಿ ಬೇಕೆನಿಸಿದರೆ ರಾತ್ರಿ ಉಣ್ಣುತ್ತಾರೆ.

ಮೊನ್ನೆ ಮತ್ತೆ ಮಟಮಟ ಮಧ್ಯಾಹ್ನ ಬೀಗರ ಕಡೆಯವರು ಬಂದರು. ಸಂಕೋಚದಿಂದಲೇ ಕಡಕ್ ರೊಟ್ಟಿ, ಹಿಂಡಿ, ಮೊಸರು, ಅಂಬಲಿ ಇಟ್ಟೆ. ಹಿರಿಯರೊಬ್ಬರು ಎರಡನೆಯ ಸಲ ಅಂಬಲಿ ಕೇಳಿ ಹಾಕಿಸಿಕೊಂಡರು. ನಾನು ಇನ್ನೊಂದು ಲೋಟ ತುಂಬಲು ಹೊರಟಾಗ ಪಡಸಾಲೆಯಿಂದ ಅತ್ತೆಯವರ ದನಿ ಕೇಳಿತು: “ತಡಿಯವಾ, ಮೊದಲ ನೀ ಕುಡಿದೇನು ಹೇಳು.”