ಈ ಫಿಯೆಟ್ ಮೊದಲು ಯಾರದ್ದು?

ಹೆಬ್ಬಾಳ, ಆರ್.ಟಿ. ನಗರ, ಯಲಹಂಕ ಕಡೆಯ ರಸ್ತೆಗಳಲ್ಲಿ ಕೆಎ-04, ಕೆಎ-50 ನಂಬರಿನ ಸಾವಿರ ವಾಹನಗಳ ನಡುವೆ ಅಪರೂಪಕ್ಕೊಮ್ಮೆ ಎಂವೈ ಅಥವಾ ಸಿಎ ಎಂದು ಶುರುವಾಗುವ ನಂಬರಿನ ಕಾರು ಕಣ್ಣಿಗೆ ಬೀಳುವುದುಂಟು. ಕೆಎ ಸರಣಿ ಬಂದದ್ದು 1989ರ ಜುಲೈ 1ರಂದು ಹೊಸ ಮೋಟಾರು ವಾಹನ ಕಾಯ್ದೆ ಜಾರಿಯಾದ ಮೇಲೆ. ಅದಕ್ಕೂ ಹಿಂದಿನ ಕಾರುಗಳು ಹಳೆಯ ನಂಬರನ್ನೇ ಹೊತ್ತುಕೊಂಡಿವೆ. ರಾಜ್ಯದೊಳಗೆ ಎಷ್ಟು ಊರು ತಿರುಗಿದರೂ ನಂಬರು ಬದಲಾಗುವುದಿಲ್ಲ. ಮಂಗಳೂರಿನಲ್ಲಿ ರಿಜಿಸ್ಟರ್ ಆದ ಕಾರು ಆರ್.ಟಿ. ನಗರಕ್ಕೆ ಬಂದು ಮುದಿಯಾದರೂ ಅದರ ನಂಬರು ಮಂಗಳೂರಿನದ್ದೇ.

ಅಂಥದ್ದೊಂದು ಬಿಳಿ ಫಿಯೆಟ್ ಆರ್.ಟಿ. ನಗರದ ಬ್ಯಾರಿ ಮನೆಯೊಂದರ ಗೇಟಿನೊಳಗೆ ನಿಂತಿದೆ. 1974ರದ್ದು. ಸ್ಟೀರಿಂಗ್ ಪಕ್ಕದಲ್ಲೇ ಗೇರು, 1089 ಸಿಸಿ ಎಂಜಿನ್. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪೆನಿ ತಯಾರಿಸುತ್ತಿದ್ದ ಈ ಕಾರಿಗೆ ‘ಪದ್ಮಿನಿ’ ಎಂಬ ಹೆಸರು ಬಂದದ್ದು ಅದೇ ವರ್ಷ. ಅದಕ್ಕೂ ಮುಂಚೆ ‘ಪ್ರೆಸಿಡೆಂಟ್’ ಅಂತಿತ್ತು. ಕಂಪೆನಿ ಏನೇ ಹೆಸರಿಟ್ಟರೂ ನಮ್ಮ ಊರಿನವರಿಗೆ ಅದು ಫಿಯೆಟ್ಟೇ. ಈಗಿನ ಯಜಮಾನರು ಬಂಟ್ವಾಳ ತಾಲೂಕಿನವರು, ಯಲಹಂಕದಲ್ಲಿ ವ್ಯಾಪಾರ. ಯಶವಂತಪುರದ ಗ್ಯಾರೇಜೊಂದರಲ್ಲಿ ಧೂಳು ಹಿಡಿದು ನಿಂತಿದ್ದ ಕಾರನ್ನು ಮಂಗಳೂರಿನ ನಂಬರು ನೋಡಿಯೇ ಆಸೆಪಟ್ಟು ಕೊಂಡರು. ಕೊಂಡ ಮೇಲೆ ಗೊತ್ತಾಯಿತು, ಕಾರು ತಮ್ಮ ಮನೆಯಲ್ಲಿದೆ, ಆದರೆ ತಮ್ಮದಲ್ಲ.

ಗ್ಯಾರೇಜಿನವರು ಕೊಟ್ಟದ್ದು ಹರಿದ ಆರ್.ಸಿ. ಪುಸ್ತಕ, ಜೊತೆಗೆ ಸಹಿ ಮಾತ್ರ ಇದ್ದು ಉಳಿದದ್ದೆಲ್ಲ ಖಾಲಿ ಬಿಟ್ಟ ಫಾರಂ 29 ಮತ್ತು 30. ‘ಓಪನ್ ಫಾರಂ’ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವ್ಯವಹಾರ. ಮಾರಿದವರು ಸಹಿ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಕೊಂಡವರು ತಮ್ಮ ಹೆಸರಿಗೆ ಮಾಡಿಸಿಕೊಳ್ಳದೆ ಅದೇ ಫಾರಮ್ಮನ್ನು ಮುಂದಿನವರಿಗೆ ದಾಟಿಸುತ್ತಾರೆ. ಹೀಗೆ ನಾಲ್ಕು ಕೈ ದಾಟಿದ ಕಾರಿನ ಆರ್.ಸಿ.ಯಲ್ಲಿ ಉಳಿದಿದ್ದ ಕೊನೆಯ ಹೆಸರು ಜಾಲಹಳ್ಳಿಯ ಕಾರ್ಖಾನೆಯೊಂದರ ನೌಕರರದ್ದು. ಅವರು ತೀರಿಕೊಂಡು ವರ್ಷಗಳೇ ಆಗಿದ್ದವು. ತೀರಿಹೋದವರ ಸಹಿಯಿಂದ ವರ್ಗಾವಣೆ ಹೇಗೆ ಆದೀತು?

ಅವರು ನಮಗೆ ಫೋನ್ ಮಾಡಿದ್ದು ಆಗ. “ನಿಮ್ಮ ಪುಟದವರಿಗೆ ಊರಿನ ಕಡೆ ಪರಿಚಯ ಜಾಸ್ತಿ ಅಲ್ವಾ, ಮೊದಲಿನ ಯಜಮಾನರನ್ನು ಹುಡುಕಿ ಕೊಡ್ತೀರಾ?” ಅಂದರು. ನಮಗೂ ಕುತೂಹಲ. ಹಳೆ ಕಾರಿನ ಜಾತಕ ಬಿಡಿಸುವುದು ಎಂದರೆ ಆರ್‌ಟಿಒದ ಕಂಪ್ಯೂಟರಿನಲ್ಲಿ ನಂಬರು ಒತ್ತಿದರೆ ಆಯ್ತು ಎಂದು ನಾವೂ ತಿಳಿದಿದ್ದೆವು ಅನ್ನಿ. ಈಗ ‘ವಾಹನ್’ ಜಾಲತಾಣದಲ್ಲಿ ಹೊರಗಿನವರಿಗೆ ಮಾಲೀಕರ ಹೆಸರು ಪೂರ್ತಿ ಕಾಣುವುದಿಲ್ಲ, ನಡುವೆ ಚುಕ್ಕಿಗಳು. ಆ ಮರೆ ಇರಬೇಕಾದದ್ದೇ, ಯಾರ್ಯಾರೋ ನಮ್ಮ ಮನೆ ವಿಳಾಸ ತೆಗೆಯಬಾರದಲ್ಲ. ಹಳೆಯ ನಂಬರಿನ ಎಷ್ಟೋ ಗಾಡಿಗಳ ವಿವರವಂತೂ ಕಂಪ್ಯೂಟರಿಗೆ ಏರಿಯೇ ಇಲ್ಲ. ಅದಕ್ಕೆ ‘ಬ್ಯಾಕ್‌ಲಾಗ್ ಎಂಟ್ರಿ’ ಆಗಬೇಕು. ಅದಾಗಬೇಕಾದರೆ ಮೂಲ ದಾಖಲೆ, ಅಂದರೆ ‘ಬಿ ರಿಜಿಸ್ಟರ್’ ಎಂಬ ದಪ್ಪ ಪುಸ್ತಕದ ಪುಟ ಸಿಗಬೇಕು. ಅದರ ನಕಲಿಗೇ ನಮ್ಮವರು ‘ಬಿ ಎಕ್ಸ್‌ಟ್ರಾಕ್ಟ್’ ಎನ್ನುವುದು. ಯಾರ ಹೆಸರಿನಿಂದ ಯಾರ ಹೆಸರಿಗೆ, ಯಾವ ದಿನ, ಸಾಲ ಇತ್ತೇ, ತೀರಿತೇ, ಎಂಜಿನ್ ಬದಲಾಯಿತೇ ಎಂಬುದೆಲ್ಲ ಅದರಲ್ಲಿ ಇರಬೇಕು.

ಅದಕ್ಕೂ ಮೊದಲು ಬಾನೆಟ್ ಎತ್ತಿ ನೋಡುವುದು ಒಳ್ಳೆಯದು. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಬೀಳುತ್ತದೆ. ಅದು ಆರ್.ಸಿ.ಗೆ ತಾಳೆಯಾಗದಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ಎದುರಿಗಿರುವುದು ಬೇರೆಯೇ ಕಾರು. ಎಂಜಿನ್ ಬದಲಾಗಿರುವುದು ಸಾಮಾನ್ಯ. ಡೀಸೆಲ್ ಅಗ್ಗ ಇದ್ದ ಕಾಲದಲ್ಲಿ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದ ಅಂಬಾಸಿಡರ್‌ಗಳು ನಮ್ಮ ಕರಾವಳಿಯಲ್ಲಿ ಎಷ್ಟಿರಲಿಲ್ಲ! ಈ ಫಿಯೆಟ್ಟಿನ ಎರಡೂ ನಂಬರು ತಾಳೆಯಾದವು. ಶಿವಾಜಿನಗರದ ಗುಜರಿಯಲ್ಲಿ ಹಳೆ ಗಾಡಿ ಬಿಚ್ಚುವ ಹಿರಿಯರೊಬ್ಬರು ಬಂದು ಟಾರ್ಚ್ ಹಾಕಿ ನೋಡಿ, “ಬೋರ್ ಮಾಡಿಸಿದ್ದಾರೆ, ಆದರೆ ಎಂಜಿನ್ ಇದರದ್ದೇ” ಎಂದರು. ಗುಜರಿ ವ್ಯಾಪಾರವನ್ನು ಹಗುರವಾಗಿ ನೋಡುವ ನಮ್ಮ ಹುಡುಗರಿಗೆ ಹೇಳುವುದುಂಟು: ಯಾವ ಕಾರಿನ ಡೋರು ಯಾವ ಕಾರಿಗೆ ಹೋಯಿತು ಎಂದು ಹೇಳಬಲ್ಲ ದಾಖಲೆ ಕಚೇರಿ ಈ ಊರಲ್ಲಿ ಇದ್ದರೆ ಅದು ಅಲ್ಲೇ.

ಜಾಲಹಳ್ಳಿಯ ವಿಳಾಸದಲ್ಲಿ ಈಗ ಅಪಾರ್ಟ್‌ಮೆಂಟ್. ಬಿಇಎಲ್, ಎಚ್‌ಎಂಟಿ ಬಂದ 1950ರ ದಶಕದಿಂದ ಆ ಭಾಗದಲ್ಲಿ ಸಂಬಳದ ನೌಕರರ ಕಾರುಗಳು ಬೆಳೆದವು. ವರ್ಷಗಟ್ಟಲೆ ಬುಕ್ಕಿಂಗ್ ಕಾಯುವ ತಾಳ್ಮೆ ಇಲ್ಲದವರು ಎರಡನೇ ಕೈಯ ಫಿಯೆಟ್ಟನ್ನು ಹುಡುಕುತ್ತಿದ್ದರು. ಪಕ್ಕದ ಬೀದಿಯ ಅಂಗಡಿಯವರು, ಅಲ್ಲಿಂದ ನಿವೃತ್ತ ಸಹೋದ್ಯೋಗಿ, ಅವರಿಂದ ಒಂದು ಫೋನ್ ನಂಬರು, ಕೊನೆಗೆ ಯಲಹಂಕದಲ್ಲಿರುವ ಮಗಳು. ಹದಿನೈದು ದಿನ ಹಿಡಿಯಿತು.

ಕಾರಿನ ನಂಬರು ಹೇಳಿದ ಕೂಡಲೇ ಆ ಮಗಳ ಬಾಯಿಂದ ಬಂದ ಮೊದಲ ಪ್ರಶ್ನೆ, “ಏನಾದ್ರೂ ಆಕ್ಸಿಡೆಂಟ್ ಆಗಿದೆಯಾ?” ತಂದೆ ಕಾರು ಮಾರಿದ್ದು ಅವರಿಗೆ ಗೊತ್ತಿತ್ತು. ಹೆಸರು ಬದಲಾಗಿಲ್ಲ ಎಂಬುದೂ ಗೊತ್ತಿತ್ತು. ಇಷ್ಟು ವರ್ಷ ಆ ಭಯ ಒಳಗೇ ಇತ್ತು.

ಆ ಭಯ ಸುಳ್ಳಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇಂಥದ್ದೇ ಪ್ರಕರಣವೊಂದನ್ನು ತೀರ್ಮಾನಿಸಿತು. ಕಾರನ್ನು 2007ರಲ್ಲೇ ಮಾರಿದ್ದೇನೆ ಎಂದು ಮೊದಲಿನವರು ಹೇಳಿದರು. ಕಾರು ಅವರಿಂದ ಒಬ್ಬರಿಗೆ, ಅವರಿಂದ ಇನ್ನೊಬ್ಬರಿಗೆ, ಮತ್ತೆ ಮತ್ತೊಬ್ಬರಿಗೆ ಹೋಗಿತ್ತು. 2009ರಲ್ಲಿ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರ ಯಾರು ಕೊಡಬೇಕು? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅವರೇ ಹೊಣೆ ಎಂದಿತು ಕೋರ್ಟು. ಸಂತ್ರಸ್ತರ ಕುಟುಂಬ ಒಬ್ಬರ ಹಿಂದೆ ಒಬ್ಬರಂತೆ ಕೊಂಡವರನ್ನು ಹುಡುಕುತ್ತಾ ಅಲೆಯಬೇಕಿಲ್ಲ ಎಂಬುದು ಅದರ ತರ್ಕ. ಗಲ್ಫಿಗೆ ಹೊರಡುವ ಅವಸರದಲ್ಲಿ ಕಾರು, ಪಿಕಪ್, ಬೈಕು ಮಾರಿ ಫಾರಮ್ಮಿಗೆ ಸಹಿ ಹಾಕಿ ವಿಮಾನ ಹತ್ತಿದವರು ನಮ್ಮಲ್ಲಿ ಮನೆಗೊಬ್ಬರಾದರೂ ಇದ್ದಾರೆ. ಅವರೆಲ್ಲ ಇದನ್ನು ಎರಡು ಸಲ ಓದಬೇಕು. ಮಾರಿದವರು ರಾಜ್ಯದೊಳಗಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು ಎಂದು ಕಾಯ್ದೆಯ 50ನೇ ಸೆಕ್ಷನ್ ಹೇಳುತ್ತದೆ. 2023ರ ಏಪ್ರಿಲ್‌ನಿಂದ ಹಳೆ ವಾಹನದ ಡೀಲರುಗಳೂ ಅಧಿಕೃತ ಪತ್ರ ಪಡೆಯಬೇಕು, ಗಾಡಿ ತಮ್ಮ ಕೈಗೆ ಬಂದ ಕೂಡಲೇ ತಿಳಿಸಬೇಕು ಎಂಬ ನಿಯಮ ಬಂದಿದೆ. ನಿಮ್ಮ ಹೆಸರಿನ ಗಾಡಿಗೆ ನಾಮಿನಿ ಹಾಕಿಸುವ ಅವಕಾಶ 2021ರಿಂದ ಉಂಟು. ಎಷ್ಟು ಮನೆಯಲ್ಲಿ ಮಾಡಿಸಿದ್ದಾರೋ.

ಆಕ್ಸಿಡೆಂಟ್ ಅಲ್ಲ ಎಂದು ತಿಳಿದ ಮೇಲೆ ಆ ಮಗಳು ಒಳಗೆ ಹೋಗಿ ತಂದೆಯ ಡೈರಿ ತಂದರು. ಒಂದೇ ಡೈರಿಯಲ್ಲಿ ಹಲವು ವರ್ಷದ ಲೆಕ್ಕ. ಪೆಟ್ರೋಲ್ ಎಷ್ಟು ಲೀಟರ್, ಮೀಟರ್ ಎಷ್ಟು, ಕಾರ್ಬೊರೇಟರ್ ಯಾವಾಗ ಬಿಚ್ಚಿಸಿದ್ದು, ಎಲ್ಲ ಪುಟ್ಟ ಅಕ್ಷರದಲ್ಲಿ. ಮೊದಲ ಪುಟದಲ್ಲಿ ತಾನು ಯಾರಿಂದ ಕೊಂಡೆ ಎಂಬುದು, ಮಂಗಳೂರಿನ ವಿಳಾಸದ ಸಮೇತ. ಲಾಲ್ ಬಹದ್ದೂರ್ ಶಾಸ್ತ್ರಿಯವರ ಫಿಯೆಟ್ ನೆನಪಾಯಿತು. ಅದರ ಬೆಲೆ 12,000 ರೂಪಾಯಿ, ಪ್ರಧಾನಿಯ ಕೈಯಲ್ಲಿದ್ದದ್ದು 7,000. ಉಳಿದ 5,000ಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸಾಲ, ಅದನ್ನು ಅವರ ನಿಧನಾನಂತರ ತೀರಿಸಿದ್ದು ಪತ್ನಿ ತಮ್ಮ ಪಿಂಚಣಿಯಿಂದ. ಸಾಲದ ಕಾಗದ ಇದ್ದುದರಿಂದ ಆ ಕಾರಿನ ಕಥೆ ಉಳಿಯಿತು. ಕಾಗದ ಇದ್ದರೆ ಮಾತ್ರ ಸಾಲದು ಅನ್ನುವುದಕ್ಕೆ ದೇಶದ ಮೊದಲ ಮಾರುತಿ 800 ಇದೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಕೈಯಿಂದ ಕೀಲಿ ಪಡೆದ ದೆಹಲಿಯ ಹರ್‌ಪಾಲ್ ಸಿಂಗ್ ಅದನ್ನು 2010ರಲ್ಲಿ ತೀರಿಕೊಳ್ಳುವವರೆಗೂ ಮಾರಲಿಲ್ಲ. ಒಬ್ಬರೇ ಯಜಮಾನ, ಎಲ್ಲರಿಗೂ ಗೊತ್ತಿರುವ ನಂಬರು. ಆದರೂ ಅವರ ನಂತರ ಕಾರು ಮನೆ ಹೊರಗೆ ತುಕ್ಕು ಹಿಡಿಯುತ್ತಾ ನಿಂತಿತ್ತು, ಆಮೇಲೆ ಕಂಪೆನಿ ಸರಿಪಡಿಸಿ ತನ್ನ ಕಚೇರಿಯಲ್ಲಿ ಇಟ್ಟುಕೊಂಡಿತು.

ಡೈರಿ ತೋರಿಸಿದ ಮಂಗಳೂರಿನ ಮನೆಯವರಿಗೆ ಕಾರು ಚೆನ್ನಾಗಿ ನೆನಪಿತ್ತು. ಅವರು ಎರಡನೆಯವರು. ಮೊದಲಿನವರ ಬಗ್ಗೆ ಕೇಳಿದರೆ, “ಬಂಟ್ವಾಳ ಕಡೆಯ ಬ್ಯಾರಿಗಳು, ಅಬ್ದುರ್ರಹ್ಮಾನ್ ಅಂತ” ಎಂದಷ್ಟೇ. ಆರ್.ಸಿ. ಪುಸ್ತಕದ ಮೊದಲ ಪುಟದಲ್ಲೂ ಅಷ್ಟೇ: ಅಬ್ದುರ್ರಹ್ಮಾನ್, ತಂದೆ ಮೊಹಮ್ಮದ್, ಮಸೀದಿ ಹತ್ತಿರ.

ಬಂಟ್ವಾಳ ತಾಲೂಕಿನಲ್ಲಿ ಮಸೀದಿ ಹತ್ತಿರದ ಅಬ್ದುರ್ರಹ್ಮಾನ್! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ದಾಖಲೆಯ ಹೆಸರು ಹಿಡಿದು ಹೋದರೆ ಊರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಅವರು ಅದ್ರಾಮ, ಇಲ್ಲವೇ ಮನೆ ಹೆಸರಿನಿಂದ, ಅಂಗಡಿ ಹೆಸರಿನಿಂದ, ಕೆಲವೊಮ್ಮೆ ವಾಹನದ ಹೆಸರಿನಿಂದಲೇ ಪ್ರಸಿದ್ಧರು. ಆದ್ದರಿಂದ ನಾವು ಕೇಳಿದ್ದು ಹೆಸರನ್ನಲ್ಲ. ಜಮಾಅತಿನ ಹಿರಿಯರಲ್ಲಿ, ಹಳೆ ಬಸ್ ಏಜೆಂಟರಲ್ಲಿ ಕೇಳಿದ್ದು ಒಂದೇ: “1970ರ ದಶಕದಲ್ಲಿ ಇಲ್ಲಿ ಬಿಳಿ ಫಿಯೆಟ್ ಯಾರ ಮನೆಯಲ್ಲಿತ್ತು?” ಮೂರನೆಯ ಊರಿನಲ್ಲಿ ಉತ್ತರ ಸಿಕ್ಕಿತು. ಆಗ ಊರಿಗೊಂದು ಎರಡು ಕಾರು. ಮದುವೆ, ಹೆರಿಗೆ, ಆಸ್ಪತ್ರೆ ಎಲ್ಲದಕ್ಕೂ ಅದೇ. ಹಾಗಾಗಿ ಕಾರನ್ನು ನೆನಪಿಟ್ಟವರು ಯಜಮಾನರ ಮನೆಯವರಷ್ಟೇ ಅಲ್ಲ. “ನಾನು ಹುಟ್ಟಿದ್ದೇ ಆ ಕಾರಲ್ಲಿ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ” ಎಂದು ಹೇಳಿದ ಒಬ್ಬರು ನಮ್ಮನ್ನು ಆ ಮನೆಯವರೆಗೆ ಕರೆದೊಯ್ದರು.

ಯಜಮಾನರು ಈಗ ಇಲ್ಲ. ಅವರ ಪತ್ನಿಗೆ ಎಂಬತ್ತು ದಾಟಿದೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಮೊಬೈಲಿನಲ್ಲಿ ಫೋಟೋ ತೋರಿಸಿದಾಗ ಕನ್ನಡಕ ಸರಿಮಾಡಿಕೊಂಡು, “ಅದು ಇನ್ನೂ ಉಂಟಾ?” ಎಂದರು. ಆಮೇಲೆ ಬಹಳ ಹೊತ್ತು ಮಾತಿಲ್ಲ. ಮಗನ ವೀಸಾಕ್ಕೆ ಹಣ ಕಮ್ಮಿಯಾಗಿ ಕಾರು ಮಾರಿದ್ದು. ಕೊಂಡುಹೋಗುವಾಗ ಯಜಮಾನರು ಗೇಟಿನ ತನಕವೂ ಬರಲಿಲ್ಲವಂತೆ. ಆ ಮಗ ಈಗ ತಲೆ ನೆರೆದು ಊರಿಗೆ ಮರಳಿದ್ದಾರೆ. ಅವರೇ ಒಳಗಿನಿಂದ ಮದುವೆ ಆಲ್ಬಮ್ ತಂದರು. ಕಪ್ಪುಬಿಳುಪು ಚಿತ್ರದಲ್ಲಿ ಮಲ್ಲಿಗೆ ಮಾಲೆ ಇಳಿಬಿಟ್ಟ ಫಿಯೆಟ್, ಬಾನೆಟ್ಟಿಗೆ ಒರಗಿ ನಿಂತ ಮದುಮಗ. ಮಾಲೆ ನಂಬರ್ ಪ್ಲೇಟಿನ ಅರ್ಧ ಮುಚ್ಚಿದೆ, ಕೊನೆಯ ಎರಡು ಅಂಕಿ ಕಾಣುತ್ತದೆ. ಅಷ್ಟು ಸಾಕಿತ್ತು. ಹಳೆ ಆಲ್ಬಮ್‌ಗಳನ್ನು ಗೆದ್ದಲಿಗೆ ಬಿಡಬೇಡಿ ಎಂದು ಓದುಗರಲ್ಲಿ ವಿನಂತಿ. ಕಾರಿನ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ ಗಾಂಧೀಜಿ ಪ್ರಯಾಣಿಸಿದ್ದೆಂದು ತೋರಿಸುವ ಸ್ಟುಡೆಬೇಕರ್ ಕಾರು ಉಂಟಲ್ಲ, ಅದರ ಮುಂದೆ ಎಲ್ಲರೂ ನಿಲ್ಲುತ್ತಾರೆ. ದೊಡ್ಡವರು ಕೂತ ಕಾರಿಗೆ ಕಾವಲು ಸಿಗುತ್ತದೆ. ಒಂದು ಊರಿನ ಹೆರಿಗೆ ಮದುವೆಗೆಲ್ಲ ಓಡಿದ ಫಿಯೆಟ್ಟಿಗೆ ನಾವೇ ಕಾವಲು.

ಇನ್ನು ಕಾನೂನಿನ ಕೆಲಸ. ಮೊದಲಿನ ಇಬ್ಬರ ಸಹಿ ಬೇಕಾಗಿಲ್ಲ, ಅವರ ವರ್ಗಾವಣೆ ಸರಿಯಾಗಿಯೇ ಆಗಿದೆ. ಬೇಕಾದದ್ದು ಜಾಲಹಳ್ಳಿಯವರ ವಾರಸುದಾರರದ್ದು. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕಿತ್ತು. ಈಗ ಮರಣ ಪತ್ರ, ವಾರಸುದಾರರ ಒಪ್ಪಿಗೆ ಎಲ್ಲ ಸೇರಿಸಿ, ಮೊದಲು ಒಬ್ಬ ವಾರಸುದಾರರ ಹೆಸರಿಗೆ, ಅಲ್ಲಿಂದ ಆರ್.ಟಿ. ನಗರದವರ ಹೆಸರಿಗೆ. ಆಮೇಲೆ ನೋಂದಣಿ ನವೀಕರಣ. 15 ವರ್ಷ ದಾಟಿದ ಕಾರಿಗೆ 600 ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಗಿತ್ತು. ಇಲ್ಲವೇ 2021ರ ಜುಲೈಯ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಕೆಡದ ಕಾರೆಂದು ವಿಂಟೇಜ್ ನೋಂದಣಿ. ಅದಕ್ಕೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ. ಆದರೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು, ದಿನನಿತ್ಯದ ಓಡಾಟಕ್ಕಿಲ್ಲ. ಬಂಟ್ವಾಳದ ಆ ಉಮ್ಮನನ್ನು ಒಂದು ದಿನ ಕೂರಿಸಿಕೊಂಡು ಬರಬೇಕು ಎಂಬ ಆಸೆ ಇರುವವರಿಗೆ ಯಾವುದು ಒಳ್ಳೆಯದು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಮ್ಮನ್ನು ಕೇಳಿದರೆ ನವೀಕರಣವೇ ಸರಿ. ಕಾರು ಓಡಬೇಕು.

ಯಲಹಂಕದ ಮಗಳು ಸಹಿ ಹಾಕಿ ಕೊಟ್ಟಿದ್ದಾರೆ, ಡೈರಿಯ ನಕಲನ್ನೂ ಕೊಟ್ಟಿದ್ದಾರೆ. ವಿದೇಶದಲ್ಲಿರುವ ಅವರ ತಮ್ಮನ ಒಪ್ಪಿಗೆ ಪತ್ರ ರಾಯಭಾರ ಕಚೇರಿಯ ಮುದ್ರೆಯೊಂದಿಗೆ ಬರಬೇಕು, ಬಂದಿಲ್ಲ. ಅಲ್ಲಿಯವರೆಗೆ ಫಿಯೆಟ್ ಗೇಟಿನೊಳಗೇ. ಬ್ಯಾಟರಿ ಸಾಯದಿರಲಿ ಎಂದು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟು ಬಂದ್ ಮಾಡುತ್ತಾರೆ. ಹೋದ ವಾರ ಆ ಸದ್ದನ್ನು ಫೋನಿನಲ್ಲಿ ಬಂಟ್ವಾಳಕ್ಕೆ ಕೇಳಿಸಿದರಂತೆ. “ಸೈಲೆನ್ಸರ್ ತೂತಾಗಿದೆ, ನೋಡಿಸು” ಎಂದರಂತೆ ಆ ಮಗ.