ಕಾವಲು ಮುಚ್ಚಿದ ಮೇಲೆ

ಚಳ್ಳಕೆರೆಯ ಸೀಮೆಯಲ್ಲಿ ಬೆಳಕು ಬೇಗ ಹರಿಯುತ್ತದೆ. ಕಣ್ಣಿಗೆ ಅಡ್ಡವಾಗಲು ಅಲ್ಲಿ ಕಾಡಿಲ್ಲ. ಅಲ್ಲೊಂದು ಇಲ್ಲೊಂದು ಜಾಲಿಯ ಮರ, ದೂರದಲ್ಲಿ ಬೋಳು ಗುಡ್ಡಗಳ ಸಾಲು, ನಡುವೆ ಹುಲ್ಲು ಮತ್ತು ಗಾಳಿ. ಸೂರ್ಯನು ಮಾರುದ್ದ ಏರುವಷ್ಟರಲ್ಲಿ ನನ್ನಿವಾಳದಂತಹ ಹಳ್ಳಿಗಳಲ್ಲಿ ಕುರಿಹಟ್ಟಿಯ ಬಾಗಿಲು ತೆರೆಯುತ್ತದೆ. ಹೆಗಲ ಮೇಲೆ ಕರಿಯ ಕಂಬಳಿ, ಕೈಯಲ್ಲಿ ಕೋಲು, ಸೊಂಟಕ್ಕೆ ಬುತ್ತಿಯ ಗಂಟು; ಮಂದೆಯನ್ನು ಮುಂದೆ ಬಿಟ್ಟುಕೊಂಡು ಕುರಿಗಾರನು ಹೊರಡುತ್ತಾನೆ. ಅವನ ಅಜ್ಜನ ಕಾಲದಲ್ಲಿ ಈ ಕಡೆಯ ಮಂದೆಗಳ ದಾರಿ ಅಮೃತಮಹಲ್ ಕಾವಲಿನ ಹುಲ್ಲಿಗೆ ಹೋಗುತ್ತಿತ್ತು. ಇಂದು ಅಂತಹ ಎಷ್ಟೋ ದಾರಿಗಳು ಎತ್ತರದ ಒಂದು ಗೋಡೆಯ ಬುಡದಲ್ಲಿ ನಿಂತುಬಿಟ್ಟಿವೆ.

ಗೋಡೆಯ ಒಳಗೆ ದೇಶದ ಹೆಮ್ಮೆಯ ಸಂಸ್ಥೆಗಳಿವೆ. ಅವುಗಳಲ್ಲಿ ಅಣುಶಕ್ತಿಯ ಇಲಾಖೆಯೂ ಒಂದು. ಅಣುಸ್ಥಾವರವೊಂದು ಬಾಗಿಲು ಮುಚ್ಚಿದರೆ ಸುತ್ತಲಿನ ಊರುಗಳ ಬದುಕು ಏನಾಗುತ್ತದೆಂದು ಪಶ್ಚಿಮದ ಅರ್ಥಶಾಸ್ತ್ರಜ್ಞರು ಅಂಕಿ ಅಂಶಗಳೊಡನೆ ಲೆಕ್ಕ ಹಾಕುತ್ತಾರೆ. ಚಳ್ಳಕೆರೆಯಲ್ಲಿ ಪ್ರಶ್ನೆ ತಿರುವುಮುರುವಾಗಿದೆ: ಅಣುವಿಗೂ ಆಕಾಶಕ್ಕೂ ಸೇರಿದ ಸಂಸ್ಥೆಗಳು ಬಾಗಿಲು ತೆರೆಯಬೇಕಾದರೆ ಹುಲ್ಲುಗಾವಲೊಂದು ಬಾಗಿಲು ಮುಚ್ಚಬೇಕಾಯಿತು. ಆ ಮುಚ್ಚುಗಡೆಯ ಲೆಕ್ಕವನ್ನು ಬರೆಯುವ ಬಗೆ ಹೇಗೆ?

ವೆರ್ನನ್ನಿನ ಅನುಭವ

ಮೊದಲು ಲೆಕ್ಕ ಸುಲಭವಾಗಿರುವ ಊರೊಂದನ್ನು ನೋಡೋಣ. ಅಮೆರಿಕದ ವರ್ಮಾಂಟ್ ಸಂಸ್ಥಾನದಲ್ಲಿ, ಕನೆಕ್ಟಿಕಟ್ ನದಿಯ ದಂಡೆಯ ಮೇಲೆ ವೆರ್ನನ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಎರಡು ಸಾವಿರಕ್ಕೆ ತುಸು ಹೆಚ್ಚು. 1972ರಲ್ಲಿ ಅಲ್ಲಿ ಅಣುವಿದ್ಯುತ್ ಸ್ಥಾವರವೊಂದು ಕೆಲಸ ಆರಂಭಿಸಿತು. ಅಗ್ಗದ ನೈಸರ್ಗಿಕ ಅನಿಲದೊಡನೆ ಪೈಪೋಟಿ ನಡೆಸಲಾರದೆ 2014ರ ಡಿಸೆಂಬರ್ 29ರಂದು ಅದು ನಿಂತುಹೋಯಿತು. ಸುಮಾರು 600 ಮಂದಿಗೆ ಅನ್ನ ನೀಡುತ್ತಿದ್ದ ಸ್ಥಾವರವದು. ಅದರ ತೆರಿಗೆಯಿಂದಲೇ ಊರಿನ ಖಜಾನೆ ತುಂಬುತ್ತಿತ್ತು. ಮುಚ್ಚುಗಡೆಯ ಸುದ್ದಿ ಬಂದ ಮರುವರ್ಷವೇ ವೆರ್ನನ್ ತನ್ನ ಪೊಲೀಸ್ ವಿಭಾಗವನ್ನೇ ವಿಸರ್ಜಿಸಿತು.

ಇಂತಹ ಕಡೆ ನಷ್ಟವನ್ನು ಮೂರು ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಸ್ಥಾವರದ ನೌಕರರು ಕಳೆದುಕೊಂಡ ಸಂಬಳ ಮೊದಲನೆಯದು. ಸ್ಥಾವರಕ್ಕೆ ಸಾಮಾನು ಸರಬರಾಜು ಮಾಡುತ್ತಿದ್ದವರು ಕಳೆದುಕೊಂಡ ವ್ಯಾಪಾರ ಎರಡನೆಯದು. ಆ ನೌಕರರು ದಿನಸಿಯಂಗಡಿಗೆ, ಹೋಟೆಲಿಗೆ, ಕ್ಷೌರದಂಗಡಿಗೆ ಕೊಡುತ್ತಿದ್ದ ದುಡ್ಡು ಮೂರನೆಯದು. ಈ ಮೂರರ ಮೇಲೆ ತೆರಿಗೆಯ ನಷ್ಟ ಕೂಡಿಕೊಳ್ಳುತ್ತದೆ. ಹಾಜರಿ ಪುಸ್ತಕವಿದೆ, ರಸೀದಿಯಿದೆ, ತೆರಿಗೆಯ ಪಟ್ಟಿಯಿದೆ. ಗುಮಾಸ್ತನು ಕುಳಿತು ಕೂಡಿದರೆ ಮೊತ್ತ ಸಿಗುತ್ತದೆ. ಅಲ್ಲದೆ ಅಣುಸ್ಥಾವರ ನಿಂತ ಮರುದಿನವೇ ಎಲ್ಲರೂ ಮನೆಗೆ ಹೋಗುವುದಿಲ್ಲ. ಯಂತ್ರಗಳನ್ನು ಕಳಚಿ, ವಿಕಿರಣದ ಅವಶೇಷಗಳನ್ನು ಭದ್ರಪಡಿಸಲು ವರ್ಷಗಟ್ಟಲೆ ಕೈಗಳು ಬೇಕು. ಯೂರೋಪಿಯನ್ ಒಕ್ಕೂಟವನ್ನು ಸೇರಲು ಒಪ್ಪಿದ ಷರತ್ತಿನಂತೆ ಲಿಥುವೇನಿಯ ದೇಶವು ತನ್ನ ಇಗ್ನಾಲಿನಾ ಸ್ಥಾವರವನ್ನು 2009ರ ಕೊನೆಯ ದಿನ ನಿಲ್ಲಿಸಿತು. ಅದಕ್ಕೆಂದೇ ಕಟ್ಟಿದ್ದ ವಿಸಾಗಿನಾಸ್ ಪಟ್ಟಣದ ಜನ, ತಾವು ನಡೆಸಿದ ಯಂತ್ರಗಳನ್ನೇ ಕಳಚುವ ಕೆಲಸವನ್ನು ಮುಂದುವರಿಸಿದರು. ಅದಕ್ಕೆ ಒಕ್ಕೂಟದ ಹಣವೂ ಬಂತು.

ಕನ್ನಡನಾಡಿನಲ್ಲಿ ಕೈಗಾದ ಅಣುಸ್ಥಾವರ ನಡೆಯುತ್ತಿದೆ; ಅದರ ಮುಚ್ಚುಗಡೆಯ ಪ್ರಶ್ನೆ ಬಂದಿಲ್ಲ. ಆದರೆ ದೊಡ್ಡ ಉದ್ಯಮವೊಂದು ಕಣ್ಣುಮುಚ್ಚಿದರೆ ಏನಾಗುವುದೆಂಬುದನ್ನು ಈ ನಾಡು ಕೋಲಾರದ ಚಿನ್ನದ ಗಣಿಯಲ್ಲಿ ಕಂಡಿದೆ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಕೈಹಾಕಿದ ಗಣಿಗಳು 2001ರ ಫೆಬ್ರವರಿ 28ರಂದು ನಿಂತವು. ಗಣಿಯ ಮಕ್ಕಳು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ಬದುಕನ್ನು ಹಿಡಿದರು. ಅಲ್ಲಿ ಸಂಕಟ ದೊಡ್ಡದು. ಆದರೂ ಕೆಲಸ ಹೋದವನ ಹೆಸರು ಒಂದು ಪುಸ್ತಕದಲ್ಲಿತ್ತು. ಅದನ್ನು ಹಿಡಿದುಕೊಂಡು ಅವನು ಪರಿಹಾರ ಕೇಳಬಹುದಾಗಿತ್ತು, ಕೋರ್ಟಿಗೆ ಹೋಗಬಹುದಾಗಿತ್ತು.

ಬೆಣ್ಣೆಚಾವಡಿಯಿಂದ ಅಣುವಿನವರೆಗೆ

ಚಳ್ಳಕೆರೆಯ ಕಾವಲಿಗೆ ಅಂತಹ ಪುಸ್ತಕವಿರಲಿಲ್ಲ, ಇತಿಹಾಸವಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದ ಕೊನೆಯಲ್ಲಿ ಅರಮನೆಯ ದನಗಳಿಗಾಗಿ ‘ಬೆಣ್ಣೆಚಾವಡಿ’ಯನ್ನು ಸ್ಥಾಪಿಸಿ, ನಾಡಿನ ಅನೇಕ ಕಡೆ ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಹೈದರಾಲಿಯು ಅದೇ ತಳಿಯ ಎತ್ತುಗಳನ್ನು ಫಿರಂಗಿಗಳಿಗೆ ಹೂಡಿದನು. ಚಿದಂಬರದ ನೆರವಿಗೆ ಅವನು ಎರಡೂವರೆ ದಿನಗಳಲ್ಲಿ ನೂರು ಮೈಲಿ ಸೈನ್ಯ ನಡೆಸಿದನೆಂಬ ಹಳೆಯ ಗೆಜೆಟಿಯರಿನ ಮಾತಿನ ಹಿಂದೆ ಈ ಎತ್ತುಗಳ ಕಾಲಿನ ಬಲವಿದೆ. ‘ಅಮೃತಮಹಲ್’ ಎಂಬ ಹೆಸರಿಟ್ಟವನು ಟಿಪ್ಪು ಸುಲ್ತಾನ. ಬೇಸಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಕಾವಲುಗಳು ವಿಂಗಡವಾಗಿದ್ದವು. ರಾಜರ ದನಗಳ ಸಂಖ್ಯೆ ಕುಗ್ಗಿದಂತೆ ಸುತ್ತಲಿನ ಹಳ್ಳಿಗಳ ಕುರಿ, ಮೇಕೆ, ದನಗಳು ಆ ಹುಲ್ಲಿಗೆ ಒಗ್ಗಿಕೊಂಡವು.

2010ರ ಆಸುಪಾಸಿನ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ನೆಲ ಹಂಚಿಕೆಯಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ ಸುಮಾರು 4,290 ಎಕರೆ. ಯುರೇನಿಯಂ ಸಂವರ್ಧನೆಯ ಸ್ಥಾವರಕ್ಕೆಂದು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,810 ಎಕರೆ. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಬಾಹ್ಯಾಕಾಶ ಸಂಸ್ಥೆಗೆ 573 ಎಕರೆ. 2012ರ ಆರಂಭದಲ್ಲಿ ನೆಲ ಅಗೆಯುವ ಯಂತ್ರಗಳು ಬಂದಾಗ ಕಾವಲಿನ ಅಂಚಿನ ತಾಂಡಾಗಳ ಜನ ಬೆರಗಾಗಿ ನಿಂತರು. ಗ್ರಾಮಸ್ಥರು ಹೋರಾಟ ಸಮಿತಿ ಕಟ್ಟಿದರು. ಪರಿಸರವಾದಿಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆ ಹೊಕ್ಕರು. 2013ರಲ್ಲಿ ಸತ್ಯಶೋಧನೆಗೆಂದು ತಜ್ಞರು ಬಂದು ನೋಡಿಹೋದರು. 2014ರ ಆಗಸ್ಟ್ ತಿಂಗಳಲ್ಲಿ ತೀರ್ಪಾಯಿತು. ಯೋಜನೆಗಳು ನಿಲ್ಲಲಿಲ್ಲ.

ಹುಲ್ಲಿನ ಕಾರ್ಖಾನೆ

ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಅಲ್ಲಿನ ರೈತನು ಶೇಂಗಾ ಬಿತ್ತಿ ಮುಗಿಲು ನೋಡುತ್ತಾನೆ. ಮೋಡ ಕೈಕೊಟ್ಟ ವರ್ಷ ಬೀಜದ ಖರ್ಚೂ ಹುಟ್ಟುವುದಿಲ್ಲ. ಆದರೆ ಒಂದೆರಡು ಹದಮಳೆ ಬಿದ್ದರೂ ಕಾವಲಿನ ಹುಲ್ಲು ಏಳುತ್ತದೆ. ಹೊಲವು ಸೋತ ವರ್ಷ ಮನೆಯನ್ನು ನಡೆಸುವುದು ಕುರಿ. ಮಗಳ ಮದುವೆ, ಮಗನ ಶಾಲೆಯ ಶುಲ್ಕ, ಆಸ್ಪತ್ರೆಯ ಬಿಲ್ಲು, ಎಲ್ಲಕ್ಕೂ ಸಂತೆಯಲ್ಲಿ ಒಂದೆರಡು ಟಗರು ಮಾರಿದರೆ ದಾರಿಯಾಗುತ್ತದೆ. ಪೇಟೆಯ ಸಂಸಾರಕ್ಕೆ ಬ್ಯಾಂಕಿನ ಉಳಿತಾಯ ಹೇಗೋ, ಬಯಲುಸೀಮೆಯ ಸಂಸಾರಕ್ಕೆ ಮಂದೆ ಹಾಗೆ.

ಕುರಿಯ ಆದಾಯ ಮಾಂಸದೊಂದಿಗೆ ಮುಗಿಯುವುದಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಮಂದೆ ತರುಬಿದರೆ ನೆಲಕ್ಕೆ ಗೊಬ್ಬರ. ಅದಕ್ಕಾಗಿ ಹೊಲದವನು ಕುರಿಗಾರನಿಗೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಕತ್ತರಿಸಿದ ಉಣ್ಣೆ ಹೆಂಗಸರ ಕೈಯ ರಾಟೆಗೆ ಹೋಗುತ್ತದೆ. ನೂಲು ಮಗ್ಗವೇರುತ್ತದೆ. ಹುಣಸೆಬೀಜವನ್ನು ಅರೆದು ಕಾಯಿಸಿದ ಸರಿಯನ್ನು ಬಳಿದು ಬಿಸಿಲಿಗೆ ಒಣಗಿಸಿದರೆ, ಮಳೆಗೂ ಚಳಿಗೂ ಜಗ್ಗದ ಕಂಬಳಿ ಸಿದ್ಧ. ಚಳ್ಳಕೆರೆಯ ಕಂಬಳಿಗೆ ನಾಡಿನಲ್ಲಿ ಹೆಸರಿದೆ. ಹೀಗೆ ಕಾವಲಿನ ಒಂದು ಹಿಡಿ ಹುಲ್ಲು ಕುರಿಗಾರ, ಉಣ್ಣೆ ಕತ್ತರಿಸುವವ, ನೂಲುವವಳು, ನೇಯುವವ, ಹುಣಸೆಬೀಜ ಮಾರುವವಳು, ಸಂತೆಯ ವ್ಯಾಪಾರಿ ಎಂದು ಅರ್ಧ ಡಜನ್ ಕೈಗಳನ್ನು ದಾಟುತ್ತದೆ. ವೆರ್ನನ್ನಿನಲ್ಲಿ ಎಣಿಸಿದ ಮೂರು ಮೆಟ್ಟಿಲುಗಳೂ ಇಲ್ಲಿವೆ.

ನನ್ನಿವಾಳದ ಕಡೆ ಇನ್ನೊಂದು ಸಂಗತಿಯಿದೆ. ಈ ಸೀಮೆಯ ಮ್ಯಾಸನಾಯಕರು ‘ದೇವರ ಎತ್ತು’ಗಳನ್ನು ಸಾಕುತ್ತಾರೆ. ಅವುಗಳನ್ನು ನೇಗಿಲಿಗೆ ಹೂಡುವಂತಿಲ್ಲ, ಮಾರುವಂತಿಲ್ಲ. ಕಿಲಾರಿಗಳೆಂಬ ಪಾಲಕರು ಅವನ್ನು ಬಯಲಲ್ಲಿ ಮೇಯಿಸಿ ಕಾಯುತ್ತಾರೆ. ಬಯಲು ಕುಗ್ಗಿದರೆ ಮೇವು ಕೊಳ್ಳಬೇಕು. ಕೊಳ್ಳಲು ಆ ಎತ್ತುಗಳಿಂದ ಆದಾಯವಿಲ್ಲ. ಭಕ್ತರ ಕಾಣಿಕೆ, ಬರಗಾಲದಲ್ಲಿ ಸರಕಾರ ತೆರೆಯುವ ಗೋಶಾಲೆ ಇವೇ ಗತಿ. ಕಾವಲು ಪುಕ್ಕಟೆಯಾಗಿ ಕೊಡುತ್ತಿದ್ದುದನ್ನು ಖಜಾನೆಯೋ ಬಡವನ ಜೇಬೋ ತುಂಬಿಕೊಡಬೇಕಾಗುತ್ತದೆ.

ಇಷ್ಟಾದರೂ ಸರಕಾರಿ ಕಡತದಲ್ಲಿ ಈ ಕಾರ್ಖಾನೆಗೆ ಕೆಲಸಗಾರರೇ ಇಲ್ಲ. ಕಾವಲು ಯಾರ ಪಟ್ಟೆಯಲ್ಲೂ ಇರಲಿಲ್ಲ. ಆದ್ದರಿಂದ ಜಮೀನು ಕಳೆದುಕೊಂಡ ಪಟ್ಟೆದಾರನಿಗೆ ದೊರೆಯುವ ಪರಿಹಾರ ಮೇಯಿಸುವವನಿಗೆ ಅನ್ವಯಿಸಲಿಲ್ಲ. ಬಳಸಿದವರು ಸಾವಿರಾರು ಮಂದಿ, ಕಳೆದುಕೊಂಡವರು ಕಾಗದದ ಮೇಲೆ ಸೊನ್ನೆ.

ಜಮೆಯ ಕಡೆ

ನ್ಯಾಯವಾದ ಲೆಕ್ಕದಲ್ಲಿ ಜಮೆಯನ್ನೂ ಬರೆಯಬೇಕು. 2017ರ ಮೇ 28ರಂದು ಇಲ್ಲಿ ವೈಮಾನಿಕ ಪರೀಕ್ಷಾ ಕೇಂದ್ರದ ಉದ್ಘಾಟನೆಯಾಯಿತು. ಚಾಲಕರಿಲ್ಲದ ವಿಮಾನಗಳು ಇಲ್ಲಿ ಹಾರುತ್ತವೆ. 2023ರ ಏಪ್ರಿಲ್ 2ರಂದು ಮರುಬಳಕೆಯ ಗಗನನೌಕೆಯ ಮಾದರಿಯೊಂದು ಹೆಲಿಕಾಪ್ಟರಿನಿಂದ ಬಿಡುಗಡೆಯಾಗಿ ಈ ನೆಲದ ಓಡುದಾರಿಯಲ್ಲಿ ತಾನೇ ತಾನಾಗಿ ಇಳಿದಾಗ ಚಳ್ಳಕೆರೆಯ ಹೆಸರು ದೇಶದ ಪತ್ರಿಕೆಗಳಲ್ಲಿ ಮಿನುಗಿತು. ಖುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರು ತರಬೇತಿ ಪಡೆಯುತ್ತಾರೆ. ಕಟ್ಟಡದ ಕೂಲಿ, ಕಾವಲುಗಾರನ ನೌಕರಿ, ಅಡುಗೆ, ತೋಟಗಾರಿಕೆ, ಪಟ್ಟಣದಲ್ಲಿ ಮನೆಬಾಡಿಗೆ ಇವೂ ಊರಿಗೆ ಬರುವ ದುಡ್ಡೇ. ದೇಶಕ್ಕೆ ಇಂತಹ ಸಂಸ್ಥೆಗಳು ಬೇಕೆಂಬುದರಲ್ಲಿ ಹಳ್ಳಿಗನಿಗೂ ಸಂದೇಹವಿಲ್ಲ.

ಆದರೆ ಬಂದ ರೂಪಾಯಿ ಊರಿನಲ್ಲಿ ಎಷ್ಟು ಸುತ್ತು ಹಾಕುತ್ತದೆ ಎಂಬುದನ್ನೂ ನೋಡಬೇಕು. ಇಂಜಿನಿಯರನ ಸಂಬಳದ ಬಹುಪಾಲು ಅವನ ಸಂಸಾರವಿರುವ ದೂರದ ನಗರದಲ್ಲಿ ಖರ್ಚಾಗುತ್ತದೆ. ಯಂತ್ರಗಳು ಹೊರಗಿನಿಂದ ಬರುತ್ತವೆ. ಕಟ್ಟಡ ಮುಗಿದ ದಿನ ಕೂಲಿ ಮುಗಿಯುತ್ತದೆ. ಕುರಿ ಮಾರಿದ ರೂಪಾಯಿಯಾದರೋ ಸಂತೆಯಿಂದ ಸಂತೆಗೆ ಅದೇ ಸೀಮೆಯಲ್ಲಿ ತಿರುಗುತ್ತದೆ. ದುಡಿಯುವ ಕೈಗಳೂ ಒಂದೇ ಅಲ್ಲ. ಪರೀಕ್ಷೆ ಪಾಸಾದ ಯುವಕನಿಗೆ ಹೊಸ ಬಾಗಿಲು ತೆರೆಯಬಹುದು; ರಾಟೆಯ ಮುಂದೆ ಕುಳಿತ ಅರವತ್ತರ ಅಜ್ಜಿಗೆ ಪ್ರಯೋಗಶಾಲೆಯಲ್ಲಿ ಕೆಲಸವಿಲ್ಲ.

ಮುಚ್ಚುಗಡೆಯ ರುಚಿ ಚಳ್ಳಕೆರೆಗೆ ಹೊಸತಲ್ಲ. ಶೇಂಗಾ ಎಣ್ಣೆಯ ಗಿರಣಿಗಳಿಂದ ಅದು ‘ಎಣ್ಣೆನಗರ’ವೆಂದು ಮೆರೆದಿತ್ತು. ಮೇಲಿಂದ ಮೇಲೆ ಬಂದ ಬರ, 1994ರ ಬಳಿಕ ಸಲೀಸಾಗಿ ಆಮದಾಗತೊಡಗಿದ ತಾಳೆಯೆಣ್ಣೆ, ಇವೆರಡರ ನಡುವೆ ಸಿಕ್ಕಿ ಅನೇಕ ಗಿರಣಿಗಳು ನಿಂತವು. ಆಗಲೂ ಮಾಲಿಕನ ನಷ್ಟ ಬ್ಯಾಂಕಿನ ಪುಸ್ತಕದಲ್ಲಿ ಕಂಡಿತು. ಚೀಲ ಹೊರುವ ಹಮಾಲನ ನಷ್ಟ ಎಲ್ಲಿಯೂ ಕಾಣಲಿಲ್ಲ.

ಲೆಕ್ಕ ಮಾಡುವ ಬಗೆ

ಹಾಗಾದರೆ ಕಾವಲಿನ ನಷ್ಟ ಎಣಿಕೆಗೆ ಸಿಗದ ವಸ್ತುವೇ? ಹಾಗೇನೂ ಇಲ್ಲ. ದೇಶದಲ್ಲಿ ಐದು ವರ್ಷಗಳಿಗೊಮ್ಮೆ ಜಾನುವಾರು ಗಣತಿ ನಡೆಯುತ್ತದೆ. ಇಪ್ಪತ್ತನೆಯದು 2019ರಲ್ಲಿ ನಡೆಯಿತು, ಇಪ್ಪತ್ತೊಂದನೆಯದು 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ಗೋಡೆ ಏಳುವ ಮುನ್ನ ಕಾವಲಿನ ಅಂಚಿನ ಹಳ್ಳಿಗಳಲ್ಲಿ ಎಷ್ಟು ಕುರಿಗಳಿದ್ದವು, ಅನಂತರ ಎಷ್ಟು ಉಳಿದವು, ಗೋಡೆಯಿಂದ ದೂರದ ಹಳ್ಳಿಗಳಲ್ಲಿ ಅದೇ ಅವಧಿಯಲ್ಲಿ ಏನಾಯಿತು ಎಂದು ಹೋಲಿಸಿದರೆ, ಬರದ ಪಾಲೆಷ್ಟು, ಗೋಡೆಯ ಪಾಲೆಷ್ಟು ಎಂಬುದು ಬೇರೆಯಾಗಿ ಕಾಣುತ್ತದೆ. ಅದರ ಪಕ್ಕದಲ್ಲಿ ನಡೆಯುತ್ತಿರುವ ಮಗ್ಗಗಳ ಸಂಖ್ಯೆ, ಕೊಂಡ ಮೇವಿನ ಖರ್ಚು, ಗೋಶಾಲೆಗೆ ಸರಕಾರ ಸುರಿದ ಹಣ, ಗುಳೆ ಹೋದ ಸಂಸಾರಗಳು ಇಷ್ಟನ್ನು ಬರೆಯಬೇಕು. ಎದುರು ಪುಟದಲ್ಲಿ, ಹೊಸ ಸಂಸ್ಥೆಗಳಲ್ಲಿ ಇದೇ ಹಳ್ಳಿಗಳವರಿಗೆ ದೊರೆತ ನೌಕರಿಗಳನ್ನೂ ಅವರ ಸಂಬಳವನ್ನೂ ಬರೆಯಬೇಕು.

ವೆರ್ನನ್ನಿನ ನೌಕರರಿಗೆ ಮುಚ್ಚುಗಡೆಯ ಸುದ್ದಿ ಒಂದು ವರ್ಷಕ್ಕೂ ಮೊದಲೇ ತಿಳಿದಿತ್ತು. ಅಣುಸ್ಥಾವರವನ್ನು ಕಟ್ಟುವಾಗಲೇ ಅದಕ್ಕೊಂದು ಆಯುಷ್ಯ ಗೊತ್ತುಮಾಡಿ, ಕೊನೆಯ ದಿನಗಳ ಖರ್ಚಿಗೆಂದು ನಿಧಿ ಕೂಡಿಡುವ ಪದ್ಧತಿಯಿದೆ. ಹುಲ್ಲುಗಾವಲಿಗೆ ಆಯುಷ್ಯವನ್ನು ಯಾರೂ ಗೊತ್ತುಮಾಡಿರಲಿಲ್ಲ. ಪ್ರತಿ ಮಳೆಗೂ ಅದು ಹೊಸದಾಗಿ ಹುಟ್ಟುತ್ತಿತ್ತು. ಅದು ಒಂದು ದಿನ ಮುಚ್ಚಬಹುದೆಂದು ನಿಧಿ ಕೂಡಿಡಲು ಯಾರಿಗೂ ತೋಚಲಿಲ್ಲ. ಆ ನಿಧಿಯನ್ನು ಈಗಲಾದರೂ ಕಟ್ಟಬಹುದು: ಉಳಿದ ಗೋಮಾಳಗಳ ರಕ್ಷಣೆ, ಮೇವಿನ ಬ್ಯಾಂಕು, ಕಂಬಳಿಗೆ ನ್ಯಾಯವಾದ ಬೆಲೆ, ಹಳ್ಳಿಯ ಮಕ್ಕಳಿಗೆ ಗೋಡೆಯೊಳಗಿನ ಕೆಲಸಕ್ಕೆ ಬೇಕಾದ ಶಿಕ್ಷಣ. ಆದರೆ ಕಟ್ಟುವ ಮೊದಲು ಲೆಕ್ಕವಾಗಬೇಕು. ಲೆಕ್ಕವಾಗಲು ಹೆಸರುಗಳು ಬೇಕು.

ಸಂಜೆಯಾಗುತ್ತಿದೆ. ಗೋಡೆಯ ನೆರಳು ಪೂರ್ವಕ್ಕೆ ಉದ್ದವಾಗಿ ಚಾಚಿದೆ. ಅದರ ಪಕ್ಕದ ಮಣ್ಣಿನ ದಾರಿಯಲ್ಲಿ ಮಂದೆಯೊಂದು ಧೂಳೆಬ್ಬಿಸುತ್ತ ಊರಿನತ್ತ ತಿರುಗಿದೆ. ಹಟ್ಟಿಯ ಬಾಗಿಲಲ್ಲಿ ನಿಂತು ಕುರಿಗಾರನು ಒಳಗೆ ಹೋಗುವ ಕುರಿಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಅವನ ಎಣಿಕೆ ಎಂದೂ ತಪ್ಪುವುದಿಲ್ಲ.